ಎತ್ತರದ ವೀಕ್ಷಣಾಲಯಗಳೂ ನಮ್ಮ ಉಸಿರೂ

ನಾವು ನೆಲೆಸಿರುವ ಮುಂಬಯಿಯ ನೆಲ ಬೆಂಕಿಯಿಂದ ಹುಟ್ಟಿದುದು. ಇಲ್ಲಿ ಅಡಿಪಾಯ ತೋಡುವಾಗ ದೊರೆಯುವ ಕರಿಯ ಕಲ್ಲು ಆರು ಕೋಟಿ ವರ್ಷಗಳಿಗೂ ಹಿಂದೆ ಭೂಗರ್ಭದಿಂದ ಹರಿದ ಲಾವಾರಸ ತಣಿದು ಗಟ್ಟಿಯಾದ ಶಿಲೆ. ಆದರೂ ಪರೇಲಿನ ನಿವಾಸಿಗಳಾದ ನಾವು ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರದಲ್ಲಿ ಬದುಕುವವರು; ನಮ್ಮ ಶ್ವಾಸಕೋಶಗಳಿಗೆ ದಟ್ಟವಾದ ಗಾಳಿಯೇ ರೂಢಿ. ಅಂತಹುದೇ ಲಾವಾರಸದಿಂದ ಪೆಸಿಫಿಕ್ ಸಾಗರದ ನಡುವೆ, ಹವಾಯಿ ದ್ವೀಪದಲ್ಲಿ, ಒಂದು ಮಹಾಪರ್ವತ ಮೇಲೆದ್ದಿದೆ. ಅದರ ಹೆಸರು ಮೌನಾ ಕೇಯಾ, ಎಂದರೆ ಬಿಳಿಯ ಬೆಟ್ಟ. ಅಲ್ಲಿಗೆ ಏರುವ ಖಗೋಳ ವಿಜ್ಞಾನಿಗಳು ಪಾಲಿಸುವ ನಿಯಮಗಳು ಲೇಹ್, ಕೇದಾರ, ಕೈಲಾಸಗಳಿಗೆ ಹೊರಡುವ ನಮ್ಮವರಿಗೂ ಉಪಯುಕ್ತವಾದುವು.

ಬೆಟ್ಟವನ್ನೇ ಏಕೆ ಆರಿಸಿದರು?

ಮೌನಾ ಕೇಯಾದ ಎತ್ತರ 4,205 ಮೀಟರ್. ಕಡಲ ತಳದಿಂದ ಅಳೆದರೆ ಅದು ಹತ್ತು ಸಾವಿರ ಮೀಟರುಗಳನ್ನೂ ಮೀರುತ್ತದೆ. ಸುಮಾರು ನಾಲ್ಕೂವರೆ ಸಾವಿರ ವರ್ಷಗಳಿಂದ ಈ ಜ್ವಾಲಾಮುಖಿ ಸುಪ್ತವಾಗಿದೆ. ಮೋಡಗಳೂ ತೇವವೂ ಬಹುತೇಕ ಶಿಖರಕ್ಕಿಂತ ಬಹು ಕೆಳಗೇ ತಂಗಿಬಿಡುತ್ತವೆ. ನೀರಾವಿ ನಕ್ಷತ್ರಗಳಿಂದ ಬರುವ ಅವಗೆಂಪು ಕಿರಣಗಳನ್ನು ಹೀರಿಕೊಳ್ಳುವುದರಿಂದ, ಒಣಗಾಳಿಯ ಶಿಖರವು ದೂರದರ್ಶಕಕ್ಕೆ ಅನುಕೂಲವಾದ ತಾಣ. ಇದಲ್ಲದೆ ಸಾಗರದ ಮೇಲಿಂದ ಬರುವ ಗಾಳಿ ಇಳಿಜಾರಾದ ಬೆಟ್ಟದ ಮೇಲೆ ಕದಡದೆ ಹರಿಯುತ್ತದೆ. ಆದುದರಿಂದ ತಾರೆಗಳ ಮಿನುಗಾಟ ಕಡಿಮೆಯಾಗಿ ಅವುಗಳ ಬಿಂಬ ಸ್ಪಷ್ಟವಾಗಿ ಮೂಡುತ್ತದೆ.

1964ರಲ್ಲಿ ಖಗೋಳ ವಿಜ್ಞಾನಿ ಜೆರಾರ್ಡ್ ಕೈಪರ್ ಈ ಶಿಖರವನ್ನು ಪರೀಕ್ಷಿಸಿದರು. 1970ರಲ್ಲಿ ಹವಾಯಿ ವಿಶ್ವವಿದ್ಯಾಲಯದ 2.2 ಮೀಟರ್ ದೂರದರ್ಶಕ ಕೆಲಸ ಆರಂಭಿಸಿತು. ಮುಂದೆ, 1990ರ ದಶಕದಲ್ಲಿ, ಹತ್ತು ಮೀಟರ್ ವ್ಯಾಸದ ಎರಡು ಕೆಕ್ ದೂರದರ್ಶಕಗಳು ಬಂದವು. ಅವುಗಳ ಪ್ರತಿಯೊಂದು ಕನ್ನಡಿಯೂ 36 ಷಟ್ಕೋನ ಫಲಕಗಳಿಂದ ಕೂಡಿದೆ.

ಹವಾಯಿಯ ಮೂಲನಿವಾಸಿಗಳಿಗೆ ಈ ಶಿಖರ, ನಮಗೆ ಕೈಲಾಸವಿದ್ದಂತೆ, ಪವಿತ್ರ ಕ್ಷೇತ್ರ. ಮೂವತ್ತು ಮೀಟರ್ ದೂರದರ್ಶಕವೊಂದನ್ನು ಅಲ್ಲಿ ಕಟ್ಟುವ ಯೋಜನೆಯ ಕೆಲಸ 2015ರಲ್ಲಿಯೂ 2019ರಲ್ಲಿಯೂ ಅವರ ಪ್ರತಿಭಟನೆಯಿಂದ ನಿಂತುಹೋಯಿತು. ಭಾರತವೂ ಆ ಯೋಜನೆಯ ಪಾಲುದಾರ ರಾಷ್ಟ್ರವಾಗಿ ಸೇರಿತು. ಅದರ ಕನ್ನಡಿ ಫಲಕಗಳನ್ನು ಉಜ್ಜಿ ಹೊಳಪುಗೊಳಿಸುವ ಕಾರ್ಯಾಗಾರವು ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ ಸ್ಥಾಪಿತವಾದುದು ಕನ್ನಡಿಗರು ಗಮನಿಸಬೇಕಾದ ಸಂಗತಿ.

ತೆಳುಗಾಳಿಯಲ್ಲಿ ದೇಹ

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆಯಾಗುತ್ತದೆಂದು ಹಲವರು ತಿಳಿಯುತ್ತಾರೆ. ವಾಸ್ತವವಾಗಿ ಎಲ್ಲೆಡೆಯೂ ಅದು ನೂರಕ್ಕೆ 21ರಷ್ಟೇ. ಕುಗ್ಗುವುದು ಗಾಳಿಯ ಒತ್ತಡ. ಹಾಗಾಗಿ ಒಂದೊಂದು ಉಸಿರಿನಲ್ಲಿಯೂ ಒಳಸೇರುವ ಆಮ್ಲಜನಕ ಕಡಿಮೆಯಾಗುತ್ತದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯಲ್ಲಿ, ಸುಮಾರು 1,930 ಮೀಟರ್ ಎತ್ತರದಲ್ಲಿ, ಆರೋಗ್ಯವಂತರಿಗೆ ಹೆಚ್ಚೇನೂ ತೊಂದರೆ ಆಗದು. ಸುಮಾರು 3,500 ಮೀಟರ್ ಎತ್ತರದ ಲೇಹ್ ಮತ್ತು ಕೇದಾರನಾಥಗಳಲ್ಲಿ ಒತ್ತಡವು ಮುಂಬಯಿಯ ಮೂರನೆಯ ಎರಡು ಪಾಲಿನಷ್ಟು ಮಾತ್ರ. ಮೌನಾ ಕೇಯಾದ ತುದಿಯಲ್ಲಿ ಅದು ಐದರಲ್ಲಿ ಮೂರು ಪಾಲು.

ಇದಕ್ಕೆ ದೇಹ ತಾನೇ ಹೊಂದಿಕೊಳ್ಳುತ್ತದೆ. ಉಸಿರಾಟದ ವೇಗವೂ ನಾಡಿಯ ಬಡಿತವೂ ಹೆಚ್ಚುತ್ತವೆ. ವಾರಗಳು ಕಳೆದಂತೆ ರಕ್ತದ ಕೆಂಪು ಕಣಗಳೂ ವೃದ್ಧಿಸುತ್ತವೆ. ಆದರೆ ಈ ಹೊಂದಾಣಿಕೆಗೆ ಕಾಲಾವಕಾಶ ಬೇಕು. ಅದನ್ನು ಕೊಡದೆ ಏರಿದವರಿಗೆ ಕೆಲವು ಗಂಟೆಗಳಲ್ಲಿ ತಲೆನೋವು, ವಾಕರಿಕೆ, ಆಯಾಸ, ತಲೆಸುತ್ತು, ನಿದ್ರಾಹೀನತೆ ತಲೆದೋರುತ್ತವೆ. ಇದು ಎತ್ತರದ ಕಾಯಿಲೆಯ ಆರಂಭ. ಅಲಕ್ಷಿಸಿ ಇನ್ನೂ ಮೇಲೇರಿದರೆ ಮಿದುಳು ಊದಿಕೊಂಡು ನಡಿಗೆ ತಡವರಿಸಬಹುದು, ಬುದ್ಧಿ ಮಂಕಾಗಬಹುದು. ಇಲ್ಲವೇ ಶ್ವಾಸಕೋಶದಲ್ಲಿ ನೀರು ತುಂಬಿ ವಿಶ್ರಾಂತಿಯಲ್ಲಿದ್ದಾಗಲೂ ಏದುಸಿರು, ನೊರೆಗೂಡಿದ ಕಫ ಕಾಣಬಹುದು. ಇವೆರಡೂ ಪ್ರಾಣಾಂತಿಕ. ಯೌವನವಾಗಲಿ ವ್ಯಾಯಾಮಪಟುತ್ವವಾಗಲಿ ಇದರಿಂದ ರಕ್ಷಣೆ ನೀಡದು.

ವಿಜ್ಞಾನಿಗಳ ಶಿಸ್ತು

ಮೌನಾ ಕೇಯಾದಲ್ಲಿ ರಾತ್ರಿಯೆಲ್ಲ ದುಡಿಯುವ ವಿಜ್ಞಾನಿಗಳು ಶಿಖರದಲ್ಲಿ ಮಲಗುವುದಿಲ್ಲ. ಸುಮಾರು 2,800 ಮೀಟರ್ ಎತ್ತರದ ಹಾಲೆ ಪೊಹಾಕು ಎಂಬಲ್ಲಿ ಅವರ ವಸತಿಗೃಹವಿದೆ. ಪ್ರವಾಸಿಗಳೂ ಅಲ್ಲಿ ಕನಿಷ್ಠ ಅರ್ಧ ಗಂಟೆ ತಂಗಿಯೇ ಮುಂದುವರಿಯಬೇಕೆಂಬ ಸೂಚನೆಯಿದೆ. ಚಿಕ್ಕ ಮಕ್ಕಳೂ ಗರ್ಭಿಣಿಯರೂ ಹೃದಯ ಅಥವಾ ಶ್ವಾಸಕೋಶದ ರೋಗವಿರುವವರೂ ಮೇಲೇರಬಾರದೆಂದು ಎಚ್ಚರಿಸುತ್ತಾರೆ. ಈಗಂತೂ ಅನೇಕ ವಿಜ್ಞಾನಿಗಳು ತಪ್ಪಲಿನ ಕಚೇರಿಯಲ್ಲಿ ಕುಳಿತೇ ವೀಕ್ಷಣೆ ನಡೆಸುತ್ತಾರೆ.

ಈ ವಿವೇಕಕ್ಕೆ ನಮ್ಮ ದೇಶದಲ್ಲಿಯೂ ನಿದರ್ಶನವಿದೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವು 2000ದಲ್ಲಿ ಮೊದಲ ಬೆಳಕನ್ನು ಕಂಡಿತು. ಅದನ್ನು ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯಿಂದಲೇ ನಡೆಸುವ ವ್ಯವಸ್ಥೆ ಮಾಡಿದ್ದಾರೆ.

ಯಾತ್ರಿಕರಿಗೆ ಸೂಚನೆ

ಯಾತ್ರಿಕರಿಗೆ ಇಂತಹ ಅನುಕೂಲವಿಲ್ಲ. ಅವರು ತಾವೇ ಏರಬೇಕು. ಮುಂಬಯಿಯಲ್ಲಿ ಬೆಳಗ್ಗೆ ವಿಮಾನವೇರಿದವರು ಅದೇ ದಿನ ಲೇಹ್‌ನಲ್ಲಿ ಇಳಿಯಬಹುದು. ಕೇದಾರಕ್ಕೆ ಹೆಲಿಕಾಪ್ಟರಿನಲ್ಲಿ ಕೆಲವೇ ನಿಮಿಷಗಳಲ್ಲಿ ತಲುಪಬಹುದು. ಈ ಸೌಕರ್ಯವೇ ಅಪಾಯಕ್ಕೂ ಎಡೆಮಾಡುತ್ತದೆ. ಆದುದರಿಂದ ಕೆಳಗಿನ ಅಂಶಗಳನ್ನು ಗಮನದಲ್ಲಿಡುವುದು ಒಳ್ಳೆಯದು.

1. ಹೃದಯರೋಗ, ರಕ್ತದೊತ್ತಡ, ಉಬ್ಬಸ, ಮಧುಮೇಹ, ರಕ್ತಹೀನತೆ ಇರುವವರು ಹೊರಡುವ ಮೊದಲೇ ವೈದ್ಯರ ಸಲಹೆ ಪಡೆಯಬೇಕು. ಕೆ.ಇ.ಎಂ. ಆಸ್ಪತ್ರೆಯಂತಹ ದೊಡ್ಡ ಆಸ್ಪತ್ರೆ ಇರುವ ಪರೇಲಿನಲ್ಲಿ ಇದು ಕಷ್ಟವಾಗದು.

2. ಲೇಹ್‌ಗೆ ವಿಮಾನದಲ್ಲಿ ಬಂದವರು ಮೊದಲ ಎರಡು ದಿನ ವಿಶ್ರಾಂತಿ ಪಡೆಯಬೇಕು.

3. ಮೂರು ಸಾವಿರ ಮೀಟರುಗಳ ಮೇಲೆ, ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು; ಮೂರು ನಾಲ್ಕು ದಿನಗಳಿಗೊಮ್ಮೆ ಏರಿಕೆ ನಿಲ್ಲಿಸಿ ತಂಗಬೇಕು.

4. ಸಾಕಷ್ಟು ನೀರು ಕುಡಿಯಬೇಕು. ಮದ್ಯ, ಧೂಮಪಾನ, ನಿದ್ರೆಯ ಮಾತ್ರೆಗಳನ್ನು ವರ್ಜಿಸಬೇಕು.

5. ಅಸೆಟಜೋಲಮೈಡ್ ಎಂಬ ಔಷಧವು ಹೊಂದಾಣಿಕೆಗೆ ನೆರವಾಗುತ್ತದೆ. ಆದರೆ ಅದನ್ನು ವೈದ್ಯರ ಅನುಮತಿಯಿಲ್ಲದೆ ಸೇವಿಸಬಾರದು.

6. ತಲೆನೋವು, ವಾಕರಿಕೆ ಕಂಡರೆ ಅಲ್ಲಿಯೇ ನಿಲ್ಲಬೇಕು. ನಡಿಗೆ ತಪ್ಪಿದರೆ, ಮಾತು ತೊದಲಿದರೆ, ಕುಳಿತಲ್ಲೇ ಏದುಸಿರು ಬಂದರೆ, ರಾತ್ರಿಯೆಂದು ಕಾಯದೆ ತಕ್ಷಣ ಕೆಳಗಿಳಿಸಬೇಕು. ಆಮ್ಲಜನಕದ ಸಿಲಿಂಡರ್ ತಾತ್ಕಾಲಿಕ ನೆರವು ಮಾತ್ರ. ಇಳಿಯುವುದೇ ನಿಜವಾದ ಚಿಕಿತ್ಸೆ.

ಎಷ್ಟೋ ವರ್ಷ ಹಣ ಕೂಡಿಟ್ಟು ಹೊರಟ ಯಾತ್ರೆಯನ್ನು ಅರ್ಧದಲ್ಲಿ ಬಿಡುವುದು ಯಾರಿಗೂ ಸುಲಭವಲ್ಲ. ಜೊತೆಯವರಿಗೆ ತೊಂದರೆಯಾದೀತೆಂಬ ಸಂಕೋಚದಿಂದ ಹಿರಿಯರು ನೋವನ್ನು ಮರೆಮಾಚುವುದೂ ಉಂಟು. ಮನೆಯ ಕಿರಿಯರು ಇದನ್ನು ಅರಿತು, ದಿನವೂ ಅವರನ್ನು ಕೇಳಿ ತಿಳಿದುಕೊಳ್ಳಬೇಕು. ತಾರೆಗಳನ್ನು ಅರಸಿ ಹೋದ ವಿಜ್ಞಾನಿಯೂ ಮಲಗಲು ಕೆಳಗಿಳಿದು ಬರುತ್ತಾನೆ. ದೇವರ ದರ್ಶನಕ್ಕೆ ಹೋದವರು ಒಂದು ದಿನ ತಡವಾಗಿ ತಲುಪಿದರೂ, ಅಥವಾ ತಲುಪದೆಯೇ ಹಿಂದಿರುಗಿದರೂ, ಭಕ್ತಿಗೆ ಕುಂದೇನೂ ಇಲ್ಲ. ಕ್ಷೇಮವಾಗಿ ಮರಳಿದವರು ಮುಂದಿನ ವರ್ಷ ಮತ್ತೆ ಹೋಗಬಹುದು.