ಅಟ್ಟದ ಮೇಲಿನ ಹಳೇ ಬಿಎಂಎಕ್ಸ್ ಮತ್ತೆ ಓಡುತ್ತಾ? 20 ಇಂಚಿನ ಟೈರ್ ತಂದರೂ ಕೂರದಿರೋದು ಯಾಕೆ?

ಬೇಸಿಗೆ ರಜೆ ಶುರುವಾಯಿತೆಂದರೆ ಪೇಟೆಯ ಸೈಕಲ್ ಶಾಪ್‌ಗಳ ಮುಂದೆ ಇಂಥದ್ದೊಂದು ದೃಶ್ಯ ಕಾಣುತ್ತದೆ. ನಲವತ್ತು ದಾಟಿದ ಗಿರಾಕಿಯೊಬ್ಬರು ಸ್ಕೂಟರ್‌ನಲ್ಲಿ ಕಾಲಿಡುವ ಜಾಗದಲ್ಲಿ ತುಕ್ಕು ಹಿಡಿದ ಪುಟ್ಟ ಸೈಕಲ್ ಇಟ್ಟುಕೊಂಡು ಬರುತ್ತಾರೆ. ಸೀಟಿಲ್ಲ, ಚೈನಿಲ್ಲ, ಟೈರ್ ಸೀಳಿಹೋಗಿದೆ. ಹ್ಯಾಂಡಲ್ ನಡುವಿನ ಅಡ್ಡಕಂಬಿ ಮಾತ್ರ ಇನ್ನೂ ಗಟ್ಟಿಯಾಗಿದೆ.

"ಅಣ್ಣ, ಇದು ನಾನು ಮಿಡ್ಲ್ ಸ್ಕೂಲಲ್ಲಿ ಓಡಿಸ್ತಿದ್ದ ಬಿಎಂಎಕ್ಸ್. ಮಗನಿಗೆ ರೆಡಿ ಮಾಡ್ಕೊಡೋಕಾಗುತ್ತಾ?"

"ಮಾಡ್ಬೋದು ಸಾರ್, ಸಾಮಾನು ಸಿಗ್ಬೇಕಲ್ಲ."

ಸಾಮಾನು ತಾನೇ, ತಂದರಾಯಿತು ಅಂತ ಅವರೇ ಹೊರಡುತ್ತಾರೆ. ಟೈರ್ ಮೇಲೆ 20 ಅಂತ ಬರೆದಿರುತ್ತದೆ, ರಿಮ್ಮೂ 20 ಇಂಚಿನದೇ. ಮನೆಗೆ ತಂದು ಹಾಕಿದರೆ ಟೈರ್ ರಿಮ್ಮಿನ ಮೇಲೆ ಲೊಡಲೊಡ ಆಡುತ್ತದೆ, ಇಲ್ಲವೇ ಎಷ್ಟು ಎಳೆದರೂ ಹತ್ತುವುದೇ ಇಲ್ಲ. ಅಂಗಡಿಯವನು ಮೋಸ ಮಾಡಿದ ಅಂತ ಜಗಳ. ಇಲ್ಲಿ ಮೋಸ ಯಾರದ್ದೂ ಅಲ್ಲ. ಗೋಜಲಿರೋದು ಅಳತೆಯಲ್ಲಿ. ಹಿಂದೆ ಹುಡುಗರು ಗುಜರಿ ಸಾಮಾನಿನಿಂದ ಸೈಕಲ್ ಕಟ್ಟಿಕೊಳ್ಳುತ್ತಿದ್ದದ್ದು ಹೇಗೆ, ಈಗ ಅದೇ ಕೆಲಸ ಯಾಕೆ ಕಗ್ಗಂಟಾಗುತ್ತದೆ ಅನ್ನೋದಕ್ಕೂ ಉತ್ತರ ಅಲ್ಲೇ ಇದೆ.

ಹುಡುಗರು ಕಟ್ಟಿದ್ದು, ಕಂಪನಿ ಮಾರಿದ್ದು

ಬಿಎಂಎಕ್ಸ್ ಅಂದರೆ ಬೈಸಿಕಲ್ ಮೋಟೋಕ್ರಾಸ್. ಮೋಟೋಕ್ರಾಸ್ ಅಂದರೆ ಮಣ್ಣು ದಿಬ್ಬಗಳ ಮೇಲೆ ಮೋಟಾರ್ ಸೈಕಲ್ ಹಾರಿಸುವ ಪಂದ್ಯ. ಅದನ್ನೇ ಸೈಕಲ್ ಮೇಲೆ ಆಡಬೇಕು ಅಂತ ಹೊರಟವರು ಅಮೆರಿಕದ ಕ್ಯಾಲಿಫೋರ್ನಿಯಾದ ಹುಡುಗರು.

ಕಥೆ ಅದಕ್ಕೂ ಸ್ವಲ್ಪ ಹಿಂದಿನದು. ಅಲ್ಲಿನ ಮಕ್ಕಳು ಹಳೇ 20 ಇಂಚಿನ ಸೈಕಲ್‌ಗಳಿಗೆ ಎತ್ತರದ ಹ್ಯಾಂಡಲ್ ಹಾಕಿಕೊಂಡು ಓಡಾಡುತ್ತಿದ್ದಾರೆ ಅನ್ನೋ ಸುದ್ದಿ ಶ್ವಿನ್ ಕಂಪನಿಯ ಆಲ್ ಫ್ರಿಟ್ಜ್ ಕಿವಿಗೆ ಬಿತ್ತು. ಅದನ್ನೇ ಕಾರ್ಖಾನೆಯಲ್ಲಿ ಮಾಡಿಸಿ, ಬಾಳೆಹಣ್ಣಿನ ಆಕಾರದ ಉದ್ದ ಸೀಟು ಕೂರಿಸಿ, 1963ರಲ್ಲಿ ‘ಸ್ಟಿಂಗ್‌ರೇ’ ಅಂತ ಮಾರುಕಟ್ಟೆಗೆ ಬಿಟ್ಟರು. ಅಂದರೆ ಮೊದಲು ಕಟ್ಟಿದ್ದು ಹುಡುಗರು, ಕಂಪನಿ ನೋಡಿ ಕಲಿತದ್ದು ಆಮೇಲೆ.

1970ರಲ್ಲಿ ಲಾಂಗ್ ಬೀಚ್ ಎಂಬ ಊರಿನ ಖಾಲಿ ಸೈಟೊಂದರಲ್ಲಿ ಸ್ಕಾಟ್ ಬ್ರೈಟ್‌ಹಾಪ್ಟ್ ಅನ್ನೋ 13 ವರ್ಷದ ಹುಡುಗ ಸೈಕಲ್ ಪಂದ್ಯ ನಡೆಸಿದ. ಬಹುಮಾನವಾಗಿ ಕೊಟ್ಟಿದ್ದು ತಾನು ಮೋಟಾರ್ ಸೈಕಲ್ ಪಂದ್ಯಗಳಲ್ಲಿ ಗೆದ್ದಿದ್ದ ಟ್ರೋಫಿಗಳನ್ನೇ. ಮರುವರ್ಷ ‘ಆನ್ ಎನಿ ಸಂಡೇ’ ಎಂಬ ಮೋಟಾರ್ ಸೈಕಲ್ ಸಾಕ್ಷ್ಯಚಿತ್ರ ಬಂತು. ಅದರ ಶುರುವಿನಲ್ಲೇ ಮಕ್ಕಳು ಮಣ್ಣಿನಲ್ಲಿ ಸೈಕಲ್ ಹಾರಿಸುವ ದೃಶ್ಯವಿತ್ತು. ಅದನ್ನು ನೋಡಿದ ಬೇರೆ ಊರುಗಳ ಹುಡುಗರೂ ಶುರು ಹಚ್ಚಿಕೊಂಡರು.

ಆದರೆ ಮಕ್ಕಳ ಸೈಕಲ್‌ಗಳನ್ನು ಹಾರಿಸೋಕೆ ಅಂತ ಮಾಡಿರಲಿಲ್ಲ. ಫೋರ್ಕ್ ಬಾಗುತ್ತಿತ್ತು, ಫ್ರೇಮ್ ಮುರಿಯುತ್ತಿತ್ತು, ರಿಮ್ಮು ಎಂಟರ ಆಕಾರಕ್ಕೆ ತಿರುಗುತ್ತಿತ್ತು. ಅಪ್ಪಂದಿರ ಗ್ಯಾರೇಜಿನಲ್ಲಿ ತಗಡು ಕೂಡಿಸಿ ಬೆಸುಗೆ ಹಾಕಿದರು. ಆಮೇಲೆ ಅದೇ ದಂಧೆಯಾಯಿತು. 1970ರ ದಶಕದ ಮಧ್ಯದಲ್ಲಿ ರೆಡ್‌ಲೈನ್ ಕಂಪನಿ ಕ್ರೋಮೋಲಿ ಉಕ್ಕಿನ ಕೊಳವೆಯ ಫೋರ್ಕ್ ತಂದಿತು, ಮಂಗೂಸ್‌ನವರು ಕಡ್ಡಿಯೇ ಇಲ್ಲದ ಎರಕದ ಚಕ್ರ ತಂದರು. 1982ರಲ್ಲಿ ‘ಇ.ಟಿ.’ ಸಿನಿಮಾದಲ್ಲಿ ಜಪಾನಿನ ಕುವಹಾರಾ ಸೈಕಲ್ ಆಕಾಶಕ್ಕೆ ಹಾರಿದ ಮೇಲಂತೂ ಇದು ಎಲ್ಲ ದೇಶದ ಮಕ್ಕಳ ಆಸೆಯಾಯಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬಿಎಂಎಕ್ಸ್ ಓಟ ಪದಕದ ಆಟವೂ ಆಯಿತು.

ನಮ್ಮ ಕಡೆ ಬಂದಿದ್ದು ಯಾವ ಬಿಎಂಎಕ್ಸ್?

ನಿಜ ಹೇಳಬೇಕೆಂದರೆ, ನಮ್ಮ ಪೇಟೆಗಳಲ್ಲಿ 80-90ರ ದಶಕದಲ್ಲಿ ‘ಬಿಎಂಎಕ್ಸ್’ ಅಂತ ಓಡಾಡಿದವುಗಳಲ್ಲಿ ಹೆಚ್ಚಿನವು ಆ ವೇಷ ತೊಟ್ಟ ಮಕ್ಕಳ ಸೈಕಲ್‌ಗಳು. ವಿದೇಶಿ ಸೈಕಲ್ ತರಿಸಿಕೊಳ್ಳೋದು ಸುಲಭವಿರಲಿಲ್ಲ. ಫ್ರೇಮ್ ಸಾದಾ ಉಕ್ಕು, ಮೇಲೆ ಕೆಂಪೋ ಹಳದಿಯೋ ಬಣ್ಣ. ಹ್ಯಾಂಡಲ್‌ಗೆ ಅಡ್ಡಕಂಬಿ, ಅದಕ್ಕೊಂದು ಮೆತ್ತನೆ ಸ್ಪಂಜಿನ ಹೊದಿಕೆ, ಮುಂದೆ ಪ್ಲಾಸ್ಟಿಕ್ ಪ್ಲೇಟು.

ಆ ಸ್ಪಂಜು, ಆ ಪ್ಲೇಟು ಯಾಕೆ ಅಂತ ಓಡಿಸಿದವರಲ್ಲಿ ಎಷ್ಟೋ ಜನಕ್ಕೆ ಇವತ್ತಿಗೂ ಗೊತ್ತಿಲ್ಲ. ಪಂದ್ಯದಲ್ಲಿ ಬಿದ್ದಾಗ ಗದ್ದ, ಹಲ್ಲು ಕಂಬಿಗೆ ಬಡಿಯದಿರಲಿ ಅಂತ ಸ್ಪಂಜು. ಓಟಗಾರನ ನಂಬರ್ ಕಾಣಲಿ ಅಂತ ಪ್ಲೇಟು. ನಮ್ಮ ಹುಡುಗರು ಅದರ ಮೇಲೆ ಹೀರೋ ಹೆಸರು ಬರೆಸಿಕೊಂಡರು, ಸ್ಟಿಕ್ಕರ್ ಅಂಟಿಸಿದರು.

ಇದೂ ಕೈಗೆಟುಕದ ಮನೆಗಳೇ ಜಾಸ್ತಿ. ಅಪ್ಪನ ದೊಡ್ಡ ಸೈಕಲ್‌ನಲ್ಲಿ ಒಳಪೆಡ್ಲು ಹೊಡೆದು ಕಲಿತವರು, ಗಂಟೆ ಲೆಕ್ಕದ ಬಾಡಿಗೆ ಸೈಕಲ್‌ನಲ್ಲಿ ಮಂಡಿ ಕೆತ್ತಿಸಿಕೊಂಡವರು ತಮ್ಮದೇ ಬಿಎಂಎಕ್ಸ್ ಕಟ್ಟೋಕೆ ಗುಜರಿ ಅಂಗಡಿಗೆ ಹೋಗುತ್ತಿದ್ದರು. ಒಂದು ಕಡೆ ಫ್ರೇಮ್, ಇನ್ನೊಂದು ಕಡೆ ಚಕ್ರ. ಮಡ್‌ಗಾರ್ಡು, ಕ್ಯಾರಿಯರ್ರು, ಚೈನ್ ಕವರ್ರು ಮೊದಲು ಕಿತ್ತು ಬಿಸಾಕೋದು. ಕಡ್ಡಿಗೆ ತಾಗುವಂತೆ ಸಿಗರೇಟ್ ಪ್ಯಾಕಿನ ರಟ್ಟು ಕಟ್ಟಿದರೆ ಮೋಟಾರ್ ಸೈಕಲ್ ಸದ್ದು. ಬ್ರೇಕಿಗೆ ಹವಾಯಿ ಚಪ್ಪಲಿ. ಮುಂದಿನ ಟೈರಿಗೆ ಒತ್ತಿ ಒತ್ತಿ ಎಡಗಾಲಿನ ಚಪ್ಪಲಿಯಲ್ಲಿ ಗಾಲಿಯ ಅಚ್ಚು ಬಿದ್ದಿರುತ್ತಿತ್ತು, ಅಮ್ಮನ ಕೈಯಲ್ಲಿ ಬೆನ್ನಿಗೆ ಬೀಳುತ್ತಿದ್ದದ್ದು ಅದೇ ಚಪ್ಪಲಿ.

ಹಾಗೆ ಕಟ್ಟಿದ್ದು ಓಡುತ್ತಿತ್ತಲ್ಲ, ಅದು ಹೇಗೆ? ನಮ್ಮ ದೇಶದ ಸೈಕಲ್ ಕಾರ್ಖಾನೆಗಳು ಬಹುಪಾಲು ಬ್ರಿಟಿಷರ ಅಳತೆಯನ್ನೇ ಹಿಡಿದವು. ಮದ್ರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಶುರುವಾದ ಟಿಐ ಸೈಕಲ್ಸ್‌ನ ಹರ್ಕ್ಯುಲಿಸ್, ಬಿಎಸ್‌ಎ ಹೆಸರುಗಳೇ ಇಂಗ್ಲೆಂಡಿನವು. ಚೈನಿನ ಪ್ರತಿ ಕೊಂಡಿಗೂ ಅರ್ಧ ಇಂಚು, ಫ್ರೀವೀಲ್ ಕೂರುವ ಮರೆಗೂ ಒಂದೇ ಲೆಕ್ಕ, ಹಿಂದಿನ ಹಬ್ಬಿಗೂ ಪೆಡ್ಲಿನ ಆಕ್ಸಲ್‌ಗೂ ಕಾಲು ಇಂಚಿನ ಬಾಲ್ಸು. ಕಂಪನಿ ಯಾವುದಾದರೂ ಇವು ಅದಲು ಬದಲಾಗುತ್ತಿದ್ದವು. ಅಂಗಡಿಯವರು ಒಂದೇ ಡಬ್ಬಿಯ ಬಾಲ್ಸಿನಲ್ಲಿ ಊರಿನ ಅಷ್ಟೂ ಸೈಕಲ್‌ಗಳ ‘ಓವರಾಯಿಲಿಂಗ್’ ಮುಗಿಸುತ್ತಿದ್ದದ್ದು ಅದಕ್ಕೇ. (ಪದ ಓವರ್‌ಹಾಲಿಂಗ್. ಆದರೆ ಗ್ರೀಸು, ಆಯಿಲ್ ನೋಡಿದ ಜನ ಮಾಡಿಕೊಂಡ ಪದವೇ ಹೆಚ್ಚು ಸರಿ ಅನಿಸುತ್ತದೆ.)

20 ಇಂಚು ಅಂದರೆ ಎಷ್ಟು ಇಂಚು?

ಎಡವಟ್ಟಾಗೋದು ಟೈರಿನಲ್ಲಿ. ‘20’ ಅನ್ನೋದು ಗಾಳಿ ತುಂಬಿದ ಟೈರಿನ ಹೊರಗಿನ ಅಂದಾಜು ಎತ್ತರ. ಟೈರ್ ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ ಬೇರೆಯೇ. ಒಂದೇ 20 ಇಂಚಿನಲ್ಲಿ ಎರಡು ಮೂರು ಜಾತಿಗಳಿವೆ.

ಟೈರ್ ಪಕ್ಕದಲ್ಲಿ 20 x 1.75, 20 x 1.95, 20 x 2.125 ಹೀಗೆ ಚುಕ್ಕಿ ಇಟ್ಟು ಬರೆದಿದ್ದರೆ ಅದು ಕೂರುವ ವ್ಯಾಸ 406 ಮಿಲಿಮೀಟರ್. ಬಿಎಂಎಕ್ಸ್‌ಗೆ ಸಾಮಾನ್ಯವಾಗಿ ಬೇಕಾದದ್ದು ಇದೇ. ಈಗಿನ ಮಕ್ಕಳ ಸೈಕಲ್‌ಗಳಲ್ಲೂ ಬರೋದು ಬಹುತೇಕ ಇದೇ. 20 x 1 3/8 ಅಂತ ಭಿನ್ನರಾಶಿಯಲ್ಲಿ ಬರೆದಿದ್ದರೆ ಅದು ಸಾಮಾನ್ಯವಾಗಿ 451 ಮಿಲಿಮೀಟರ್. ವ್ಯತ್ಯಾಸ 45 ಮಿಲಿಮೀಟರ್, ಅಂದರೆ ನಾಲ್ಕೂವರೆ ಸೆಂಟಿಮೀಟರ್! ಎಳೆದು ಬಗ್ಗಿಸಿ ಸರಿಮಾಡುವ ಮಾತೇ ಇಲ್ಲ.

ಇದಕ್ಕಿಂತ ತಮಾಷೆ ಇನ್ನೊಂದಿದೆ. ಸ್ಕೂಲಿನ ಲೆಕ್ಕದಲ್ಲಿ 1.75 ಮತ್ತು 1 3/4 ಎರಡೂ ಒಂದೇ. ಟೈರಿನಲ್ಲಿ ಹಾಗಲ್ಲ. ಹಳೇ ಶ್ವಿನ್ ಸೈಕಲ್‌ಗಳ 20 x 1 3/4 ಟೈರ್ 419 ಮಿಲಿಮೀಟರಿನದು, 406ರ ರಿಮ್ಮಿಗೆ ಅದು ನಿಲ್ಲುವುದಿಲ್ಲ.

ರಿಮ್ಮನ್ನೇ ಬದಲಿಸಿದರಾಯಿತಲ್ಲ ಅಂದರೆ, ಬ್ರೇಕ್ ತಕರಾರು ಮಾಡುತ್ತದೆ. 451ರ ಜಾಗಕ್ಕೆ 406 ಹಾಕಿದರೆ ರಿಮ್ಮಿನ ಅಂಚು ಎರಡು ಸೆಂಟಿಮೀಟರಿಗೂ ಹೆಚ್ಚು ಕೆಳಗಿಳಿಯುತ್ತದೆ. ಬ್ರೇಕ್ ಶೂ ರಿಮ್ಮಿಗೆ ಬದಲು ಟೈರಿಗೆ ಉಜ್ಜುತ್ತದೆ, ನಾಲ್ಕು ದಿನಕ್ಕೆ ಟೈರ್ ಹರಿಯುತ್ತದೆ. ಉದ್ದ ಕೈಯ ಬ್ರೇಕ್ ಹುಡುಕಬೇಕು. ಹಬ್ಬಿನ ತೂತು, ರಿಮ್ಮಿನ ತೂತು ಎರಡೂ ಒಂದೇ ಸಂಖ್ಯೆಯಲ್ಲಿರಬೇಕು ಅನ್ನೋದು ಬೇರೆ. ದೊಡ್ಡ ಸೈಕಲ್‌ನಲ್ಲಿ ಮುಂದೆ 32, ಹಿಂದೆ 40 ಕಡ್ಡಿ. ಆ ಹಬ್ಬನ್ನು ತಂದು 36 ತೂತಿನ ಸಣ್ಣ ರಿಮ್ಮಿಗೆ ಹೆಣೆಯಲಾಗದು.

ಪೆಡ್ಲಿನ ಕಡೆ ಎರಡು ಜಾತಿ

ಸೈಕಲ್ ಮಗುಚಿ ಕ್ರ್ಯಾಂಕ್ ನೋಡಿ. ಎಡ-ಬಲ ಎರಡು ತೋಳು, ನಡುವೆ ಆಕ್ಸಲ್, ಕಾಟರ್ ಪಿನ್ ಹೊಡೆದು ಬಿಗಿ ಮಾಡಿದ್ದರೆ ಅದು ನಮ್ಮ ದೊಡ್ಡ ಸೈಕಲ್‌ಗಳ ಪದ್ಧತಿ. ಎರಡೂ ತೋಳು ಒಂದೇ ಕಬ್ಬಿಣವಾಗಿ ಬಾಗಿ ಫ್ರೇಮಿನ ತೂತಿನೊಳಗಿಂದ ತೂರಿ ಬಂದಿದ್ದರೆ ಅದು ಅಮೆರಿಕದ ಒಂದೇ ತುಂಡಿನ ಕ್ರ್ಯಾಂಕ್. ಇದಕ್ಕೆ ಫ್ರೇಮಿನ ತೂತು ದೊಡ್ಡದು, ಒಳಗೆ ಮರೆ ಇರುವುದಿಲ್ಲ. ಮೊದಲನೆಯ ಜಾತಿಯ ಸಾಮಾನು ಎರಡನೆಯದಕ್ಕೆ ನೇರವಾಗಿ ಕೂರದು. ಪೆಡ್ಲೂ ಅಷ್ಟೇ: ಒಂದೇ ತುಂಡಿನ ಕ್ರ್ಯಾಂಕಿಗೆ ಅರ್ಧ ಇಂಚಿನ ಮರೆ, ಉಳಿದವಕ್ಕೆ ಸಾಮಾನ್ಯವಾಗಿ 9/16 ಇಂಚು.

ಬಿಚ್ಚುವಾಗ ಒಂದು ಎಚ್ಚರ. ಎಡ ಪೆಡ್ಲಿನ ಮರೆ ಉಲ್ಟಾ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಒಂದೇ ತುಂಡಿನ ಕ್ರ್ಯಾಂಕಿನ ಎಡಗಡೆ ನಟ್ಟೂ ಹಾಗೇ. ಇದು ಗೊತ್ತಿಲ್ಲದೆ ಸ್ಪ್ಯಾನರ್ ಮೇಲೆ ಹತ್ತಿ ನಿಂತು ಮರೆ ಕೆಡಿಸಿಕೊಂಡ ಸೈಕಲ್‌ಗಳು ಅಂಗಡಿಗೆ ಬರುತ್ತಲೇ ಇರುತ್ತವೆ.

ಇನ್ನು ಗೇರ್ ಲೆಕ್ಕ. ಬಿಎಂಎಕ್ಸ್‌ನಲ್ಲಿ ಬಹುಕಾಲ ರೂಢಿಯಲ್ಲಿದ್ದದ್ದು ಮುಂದೆ 44 ಹಲ್ಲು, ಹಿಂದೆ 16. ಒಂದು ಸುತ್ತು ತುಳಿದರೆ 20 ಇಂಚಿನ ಚಕ್ರ ಸುಮಾರು 4.4 ಮೀಟರ್ ಹೋಗುತ್ತದೆ. 48-18 ಹಲ್ಲಿನ ದೊಡ್ಡ ಸೈಕಲ್ ಹೆಚ್ಚುಕಡಿಮೆ 5.9 ಮೀಟರ್ ಹೋಗುತ್ತದೆ. ಬಿಎಂಎಕ್ಸ್ ಚಂಗನೆ ಎದ್ದರೂ ಉದ್ದ ರಸ್ತೆಯಲ್ಲಿ ಹಿಂದೆ ಬೀಳುತ್ತಿದ್ದದ್ದು ಇದಕ್ಕೇ, ತುಳಿಯೋನ ತಾಕತ್ತಿನ ಪ್ರಶ್ನೆಯಲ್ಲ.

ದುಡ್ಡು ಹಾಕುವ ಮೊದಲು ಫ್ರೇಮ್ ನೋಡಿ

ಟೈರ್, ಚೈನ್ ತಪ್ಪಾದರೆ ದುಡ್ಡು ಹೋಗುತ್ತದೆ. ಫ್ರೇಮ್, ಫೋರ್ಕ್ ತಪ್ಪಾದರೆ ಮಗುವಿನ ಮುಖ ನೆಲಕ್ಕೆ. ಆದ್ದರಿಂದ ಬಣ್ಣ, ಸ್ಟಿಕ್ಕರ್ ಯೋಚನೆಗೆ ಮೊದಲು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಬಿಸಿಲಲ್ಲಿಟ್ಟು ನೋಡಬೇಕು.

ಹ್ಯಾಂಡಲ್ ಕೂರುವ ದಪ್ಪ ಕೊಳವೆಯ ಹಿಂದೆ ಕೆಳಗಿನ ಕಂಬಿ ಸೇರುವ ಜಾಗವೇ ಮುಖ್ಯ. ಅಲ್ಲಿ ಕೂದಲೆಳೆಯಷ್ಟು ತುಕ್ಕಿನ ಗೆರೆ ಇದ್ದರೆ ಅದು ಬಿರುಕಾಗಿರಬಹುದು. ಕಂಬಿಯ ಕೆಳಗೆ ಬೆರಳಾಡಿಸಿದಾಗ ಉಬ್ಬು, ಸುಕ್ಕು ಸಿಕ್ಕರೆ ಸೈಕಲ್ ಎಂದೋ ಗೋಡೆಗೋ ಮೋರಿಗೋ ಗುದ್ದಿದೆ ಅಂತ ಅರ್ಥ. ಫೋರ್ಕನ್ನು ಪಕ್ಕದಿಂದ ನೋಡಿ, ಹಿಂದಕ್ಕೆ ಬಾಗಿದ್ದರೆ ಬಿಸಾಕಿ. ತಟ್ಟಿ ನೆಟ್ಟಗೆ ಮಾಡಿದ ಫೋರ್ಕನ್ನು ನಂಬಬಾರದು, ಬೆಸುಗೆ ಹಾಕಿದ್ದನ್ನಂತೂ ಹತ್ತಿರಕ್ಕೂ ಸೇರಿಸಬಾರದು.

ಹಿಂದಿನ ಸಣ್ಣ ಕಂಬಿ ಬಿಟ್ಟಿದ್ದರೆ ಗ್ಯಾಸ್ ಬೆಂಕಿಯಲ್ಲಿ ಹಿತ್ತಾಳೆ ಕಡ್ಡಿ ಕರಗಿಸಿ ಕೂಡಿಸಬಹುದು, ಕೈ ಪಳಗಿದವರು ಸಿಕ್ಕರೆ. ಗೇಟು, ಗ್ರಿಲ್ ಮಾಡುವ ಆರ್ಕ್ ವೆಲ್ಡಿಂಗ್‌ಗೆ ಕೊಟ್ಟರೆ ತೆಳು ಕೊಳವೆ ತೂತಾಗಿಯೇ ಬರೋದು ಹೆಚ್ಚು. ಬಾಲ್ಸು ಹಾಕುವಾಗ ಹಳೆಯದು ನಾಲ್ಕು, ಹೊಸದು ನಾಲ್ಕು ಬೆರೆಸುವ ಉಳಿತಾಯವೂ ಬೇಡ. ಸವೆಯದ ಹೊಸ ಬಾಲ್ಸಿನ ಮೇಲೇ ಭಾರವೆಲ್ಲ ಬಿದ್ದು ಕಪ್ಪು-ಕೋನು ತಿಂದುಹೋಗುತ್ತದೆ. ಪಳಪಳ ಹೊಳೆಯುವ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ಬ್ರೇಕ್ ತಡವಾಗಿ ಹಿಡಿಯುತ್ತದೆ. ಇಳಿಜಾರು ಇರುವ ಬೀದಿಯವರು ಮಗುವಿಗೆ ಇದನ್ನು ಮೊದಲೇ ಹೇಳಿಡಬೇಕು.

ಅಂಗಡಿಯವರಿಗೂ ಒಂದು ಮಾತು. ಈಗ ಹೊಸ ಮಕ್ಕಳ ಸೈಕಲ್ ರಟ್ಟಿನ ಡಬ್ಬದಲ್ಲಿ ಬರುತ್ತದೆ, ಹ್ಯಾಂಡಲ್, ಪೆಡ್ಲು ಬಿಗಿ ಮಾಡಿದರೆ ಮಾರಾಟ. ಹಳೇ ಸಾಮಾನು ಅಟ್ಟದ ಮೇಲೆ ಧೂಳು ತಿನ್ನುತ್ತಿರುತ್ತದೆ. ಕಾಟರ್ ಪಿನ್, 1 3/8 ಟೈರ್, ಅರ್ಧ ಇಂಚಿನ ಪೆಡ್ಲು ಗುಜರಿಗೆ ತೂಕಕ್ಕೆ ಹಾಕುವ ಮೊದಲು ಒಮ್ಮೆ ಅಳತೆ ಬರೆದು ಚೀಟಿ ಅಂಟಿಸಿಡಿ. ಅದನ್ನೇ ಹುಡುಕಿಕೊಂಡು ಮೂರು ಪೇಟೆ ಸುತ್ತುವ ಗಿರಾಕಿಗಳಿದ್ದಾರೆ.

ಗಿರಾಕಿಗಳು ಮಾಡಬೇಕಾದ್ದು ಇಷ್ಟೇ: ಬರೀ ‘20 ಇಂಚಿನ ಟೈರ್ ಕೊಡಿ’ ಅನ್ನಬೇಡಿ. ಹಳೇ ಟೈರಿನ ಪಕ್ಕದಲ್ಲಿ 47-406 ಅಥವಾ 37-451 ಅಂತ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ಕೂರುವ ವ್ಯಾಸ. ಆ ಎರಡನೇ ಸಂಖ್ಯೆ ಬರೆದುಕೊಂಡು ಹೋಗಿ. ಅಕ್ಷರ ಅಳಿಸಿಹೋಗಿದ್ದರೆ ಚಕ್ರವನ್ನೇ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೋಗೋದು ವಾಸಿ.