ಹತ್ತಿಕಟ್ಟಿಗೆಗೆ ಪ್ಲಾಸ್ಟಿಕ್ಕಿನ ನೆರವು

ಮುದ್ದೇಬಿಹಾಳದ ಸೀಮೆಯಲ್ಲಿ ಹತ್ತಿ ಬಿಡಿಸಿದ ಮೇಲೆ ಹೊಲದಲ್ಲಿ ಕಟ್ಟಿಗೆ ಉಳಿಯುತ್ತದೆ. ಅದನ್ನು ಹಾಗೆಯೇ ಬಿಡುವಂತಿಲ್ಲ. ಉಳಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕದ ಹುಳು ಮುಂದಿನ ಹಂಗಾಮಿನವರೆಗೆ ಅಡಗಿ ಕುಳಿತಿರಬಲ್ಲುದು. ಆದುದರಿಂದ ರೈತನು ಅದನ್ನು ಕಿತ್ತು ಬದುವಿನಲ್ಲಿ ಸುಡುತ್ತಾನೆ. ಹರಿದ ಗೊಬ್ಬರದ ಚೀಲ, ಸವೆದ ಹನಿನೀರಾವರಿಯ ಕೊಳವೆಗಳೂ ಅನೇಕ ವೇಳೆ ಅದೇ ಬೆಂಕಿಗೆ ಬೀಳುತ್ತವೆ. ಇವೆರಡನ್ನೂ ಗಾಳಿಯಾಡದ ಪಾತ್ರೆಯಲ್ಲಿ ಕೂಡಿಸಿ ಕಾಸಿದರೆ ಉರುವಲೆಣ್ಣೆ ದೊರೆಯುತ್ತದೆ. ಈ ಕ್ರಿಯೆಗೆ ಉಷ್ಣವಿಭಜನೆ ಅಥವಾ ಪೈರಾಲಿಸಿಸ್ ಎಂದು ಹೆಸರು.

ಹೆಸರು ಹೊಸದಾದರೂ ಕ್ರಿಯೆ ಹಳೆಯದು. ಇದ್ದಿಲು ಸುಡುವವನು ಕಟ್ಟಿಗೆಯ ರಾಶಿಗೆ ಮಣ್ಣು ಮೆತ್ತುವುದು ಗಾಳಿಯನ್ನು ತಡೆಯುವುದಕ್ಕಾಗಿಯೇ. ಆಮ್ಲಜನಕ ದೊರೆಯದಿದ್ದರೆ ಕಟ್ಟಿಗೆ ಉರಿದುಹೋಗದೆ ಒಡೆಯುತ್ತದೆ. ಇದ್ದಿಲು ಉಳಿದು ಆವಿ ಹೊರಡುತ್ತದೆ. ಅವನು ಆಕಾಶಕ್ಕೆ ಬಿಟ್ಟುಕೊಡುವ ಆ ಆವಿಯನ್ನು ತಣಿಸಿದರೆ ಕಪ್ಪು ದ್ರವವಾಗುತ್ತದೆ. ಆದರೆ ಅದರಲ್ಲಿ ನೀರು ಹೆಚ್ಚು, ಹುಳಿಯೂ ಹೆಚ್ಚು, ಕಬ್ಬಿಣವನ್ನು ತಿನ್ನುತ್ತದೆ. ಉರಿಸಿದರೆ ಅಷ್ಟೇ ತೂಕದ ಡೀಸೆಲ್ ಕೊಡುವ ಶಾಖದ ಅರ್ಧವೂ ಬರುವುದಿಲ್ಲ.

ಇದಕ್ಕೆ ಕಾರಣ ಕಟ್ಟಿಗೆಯ ರಚನೆಯಲ್ಲಿಯೇ ಇದೆ. ಸೆಲ್ಯುಲೋಸಿನ ತೂಕದಲ್ಲಿ ಸುಮಾರು ಶೇಕಡಾ 49 ಆಮ್ಲಜನಕ. ಜಲಜನಕ ಕೇವಲ 6. ಪಾಲಿಎಥಿಲೀನಿನಲ್ಲಾದರೋ ಆಮ್ಲಜನಕವೇ ಇಲ್ಲ; ಜಲಜನಕ ಶೇಕಡಾ 14. ಕಟ್ಟಿಗೆ ಒಡೆದಾಗ ಹುಟ್ಟುವ ಚಂಚಲವಾದ ಅಣುಖಂಡಗಳು ಪ್ಲಾಸ್ಟಿಕ್ಕಿನ ಉದ್ದ ಸರಪಳಿಯಿಂದ ಜಲಜನಕವನ್ನು ಕಸಿದುಕೊಂಡು ನೆಲೆಗೊಳ್ಳುತ್ತವೆ. ಕಳೆದುಕೊಂಡ ಸರಪಳಿಯೂ ತುಂಡಾಗುತ್ತದೆ. ಹೀಗೆ ಎಣ್ಣೆಯಲ್ಲಿ ಆಮ್ಲಜನಕ ಇಳಿದು, ಅದು ಕೊಡುವ ಶಾಖ ಏರುತ್ತದೆ.

ಆದರೆ ಕೊಡುವವನೂ ಕೊಳ್ಳುವವನೂ ಒಂದೇ ಹೊತ್ತಿಗೆ ಸಂತೆಗೆ ಬರಬೇಕಲ್ಲವೆ? ಸೆಲ್ಯುಲೋಸು ಹೆಚ್ಚುಕಡಿಮೆ 300ರಿಂದ 400 ಡಿಗ್ರಿ ಸೆಂಟಿಗ್ರೇಡಿನೊಳಗೆ ಒಡೆಯುತ್ತದೆ. ಪಾಲಿಎಥಿಲೀನು ಸಾಮಾನ್ಯವಾಗಿ 400 ದಾಟಿದ ಮೇಲೆ. ನಿಧಾನವಾಗಿ ಕಾಸಿದರೆ, ಕಟ್ಟಿಗೆಯ ಆವಿ ಬಹುಪಾಲು ಹೊರಟುಹೋದ ಮೇಲೆ ಪ್ಲಾಸ್ಟಿಕ್ಕಿನ ಸರದಿ ಬರುತ್ತದೆ. ಕೂಡಿಸಿದ್ದರ ಫಲ ಅಷ್ಟಾಗಿ ದೊರೆಯದು. ಆದುದರಿಂದ ಉಷ್ಣತೆಯನ್ನು ಬೇಗಬೇಗನೆ 500 ಡಿಗ್ರಿಯ ಆಸುಪಾಸಿಗೆ ಏರಿಸಬೇಕು. ಕಟ್ಟಿಗೆಯು ಶಾಖವನ್ನು ಸುಲಭವಾಗಿ ಒಳಕ್ಕೆ ಬಿಡುವ ವಸ್ತುವಲ್ಲ. ಅದನ್ನು ಸಣ್ಣಗೆ ಕತ್ತರಿಸದೆ ಈ ಕೆಲಸ ಸಾಗದು. ನನ್ನ ದೃಷ್ಟಿಯಲ್ಲಿ ಇಲ್ಲಿಯ ನಿಜವಾದ ತೊಡಕು ರಸಾಯನಶಾಸ್ತ್ರದ್ದಲ್ಲ, ಶಾಖವಹನದ್ದು.

ನೀರು ಹರಿಸುವ ಗಡುಸು ಪಿ.ವಿ.ಸಿ. ಕೊಳವೆಗಳನ್ನು ಮಾತ್ರ ಇದರಲ್ಲಿ ಸೇರಿಸಕೂಡದು. ಶುದ್ಧ ಪಿ.ವಿ.ಸಿ.ಯ ತೂಕದಲ್ಲಿ ಶೇಕಡಾ 57ರಷ್ಟು ಕ್ಲೋರೀನ್ ಇದೆ. ಕಾಸಿದರೆ ಹೈಡ್ರೋಜನ್ ಕ್ಲೋರೈಡ್ ಹೊರಟು ಪಾತ್ರೆಯನ್ನೂ ಎಣ್ಣೆಯನ್ನೂ ಕೆಡಿಸುತ್ತದೆ. ಇವನ್ನು ಗುರುತಿಸಲು ಒಂದು ಬಕೀಟು ನೀರು ಸಾಕು: ಪಾಲಿಎಥಿಲೀನಿನ ತುಂಡು ತೇಲುತ್ತದೆ, ಪಿ.ವಿ.ಸಿ. ಮುಳುಗುತ್ತದೆ. ಅಂಟಿದ ಗಾಳಿಗುಳ್ಳೆಗಳನ್ನು ಬೆರಳಿನಿಂದ ಒರಸಿಬಿಡಬೇಕು. ವಿದ್ಯಾರ್ಥಿಗಳು ಈ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಕಾಸುವ ಪ್ರಯೋಗವನ್ನು ಮಾತ್ರ ಮಾಡಬಾರದು. ಹೊರಡುವ ಅನಿಲಗಳಲ್ಲಿ ವಾಸನೆಯಿಲ್ಲದ, ಪ್ರಾಣಾಪಾಯಕರವಾದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ.