'ಅಲ್ಲ' ಮತ್ತು 'ಇಲ್ಲ': ಇಂಗ್ಲಿಷ್ ಸಾಮರ್ಥ್ಯ ಪರೀಕ್ಷೆಯ ಓದಿನ ಅಭ್ಯಾಸದಲ್ಲಿ ಕನ್ನಡದ ನಿಷೇಧ ರೂಪಗಳು

ಸಾರಾಂಶ: ಐಇಎಲ್‌ಟಿಎಸ್ ಪರೀಕ್ಷೆಯ ಓದಿನ ಭಾಗದಲ್ಲಿ 'ಫಾಲ್ಸ್' ಮತ್ತು 'ನಾಟ್ ಗಿವನ್' ಎಂಬ ಎರಡು ಉತ್ತರಗಳ ನಡುವೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಅಭ್ಯರ್ಥಿಗಳು ಎಡವುವುದನ್ನು ಈ ಲೇಖನ ಪರಿಶೀಲಿಸುತ್ತದೆ. ಈ ಉತ್ತರಗಳ ವ್ಯತ್ಯಾಸವು ಕನ್ನಡದ 'ಅಲ್ಲ', 'ಇಲ್ಲ' ರೂಪಗಳ ವ್ಯತ್ಯಾಸಕ್ಕೆ ಬಹುಮಟ್ಟಿಗೆ ಹೊಂದುತ್ತದೆ. ಆ ಹೊಂದಿಕೆಯನ್ನು ಅಭ್ಯಾಸದಲ್ಲಿ ಬಳಸಿಕೊಳ್ಳುವ ಬಗೆಯನ್ನೂ ಅದರ ಎಲ್ಲೆಯನ್ನೂ ಇಲ್ಲಿ ವಿವರಿಸಲಾಗಿದೆ.

ಕೀಲಿಪದಗಳು: ಓದಿನ ಗ್ರಹಿಕೆ, ನಿಷೇಧ, ಭಾಷಾ ಪರೀಕ್ಷೆ, ಕೃದಂತ ವಿಶೇಷಣ, ದ್ವಿಭಾಷಾ ಬೋಧನೆ

1. ಪ್ರಶ್ನೆಯ ಸ್ವರೂಪ

ಐಇಎಲ್‌ಟಿಎಸ್ ಪರೀಕ್ಷೆಯ ಅಕಾಡೆಮಿಕ್ ಆವೃತ್ತಿಯಲ್ಲಿ ಓದಿಗೆ ಮೀಸಲಾದ ಅವಧಿ 60 ನಿಮಿಷ. ಮೂರು ಪಠ್ಯಗಳು, ಒಟ್ಟು 2150ರಿಂದ 2750 ಪದಗಳು, 40 ಪ್ರಶ್ನೆಗಳು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪರೀಕ್ಷೆ ನಡೆಸುವವರು ಪ್ರಕಟಿಸಿರುವ ಸರಾಸರಿ ಕೋಷ್ಟಕದಂತೆ 23 ಸರಿ ಉತ್ತರಗಳಿಗೆ 6ರ ಶ್ರೇಣಿಯೂ 30 ಸರಿ ಉತ್ತರಗಳಿಗೆ 7ರ ಶ್ರೇಣಿಯೂ ದೊರೆಯುತ್ತದೆ. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ಈ ಪರೀಕ್ಷೆಯನ್ನು ತೆಗೆದುಕೊಳ್ಳುವವರಿಂದ ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಓದಿನಲ್ಲಿ 7ನ್ನು ಅಪೇಕ್ಷಿಸುತ್ತದೆ. ಹಾಗಾಗಿ 6ರಲ್ಲಿ ನಿಂತ ಅಭ್ಯರ್ಥಿಗೂ ಆಕೆ ಹೋಗಬೇಕಾದ ಆಸ್ಪತ್ರೆಗೂ ನಡುವೆ ಇರುವುದು ಸುಮಾರು ಏಳು ಪ್ರಶ್ನೆಗಳ ಅಂತರ.

ಈ ಏಳು ಪ್ರಶ್ನೆಗಳು ಎಲ್ಲಿ ಕಳೆದುಹೋಗುತ್ತವೆ ಎಂಬುದೇ ನಮ್ಮ ಕುತೂಹಲ. ಪರೀಕ್ಷೆಯಲ್ಲಿ ಹಲವು ಬಗೆಯ ಪ್ರಶ್ನೆಗಳಿವೆ. ಅವುಗಳಲ್ಲಿ ಒಂದು ಬಗೆ, ಒಂದು ಹೇಳಿಕೆಯನ್ನು ಕೊಟ್ಟು ಅದು ಪಠ್ಯದ ಮಾಹಿತಿಗೆ ಒಪ್ಪುತ್ತದೆಯೇ, ವಿರುದ್ಧವಾಗಿದೆಯೇ, ಅಥವಾ ಆ ವಿಷಯದಲ್ಲಿ ಪಠ್ಯ ಏನನ್ನೂ ಹೇಳಿಲ್ಲವೇ ಎಂದು ಕೇಳುತ್ತದೆ. ಉತ್ತರಗಳು ಕ್ರಮವಾಗಿ 'ಟ್ರೂ', 'ಫಾಲ್ಸ್', 'ನಾಟ್ ಗಿವನ್'. ಒಂದು ಪಠ್ಯದಡಿ ಇಂತಹ ಐದಾರು ಪ್ರಶ್ನೆಗಳು ಒಟ್ಟಾಗಿ ಬರುವುದು ಸಾಮಾನ್ಯ. ನಮ್ಮ ತರಗತಿಯ ಅಭ್ಯಾಸ ಪತ್ರಿಕೆಗಳಲ್ಲಿ 'ಟ್ರೂ' ಉತ್ತರಗಳು ಅಷ್ಟಾಗಿ ತಪ್ಪುತ್ತಿರಲಿಲ್ಲ. ಉಳಿದೆರಡು ಮಾತ್ರ ಒಂದರ ಸ್ಥಾನಕ್ಕೆ ಇನ್ನೊಂದು ಬರುತ್ತಿದ್ದವು.

2. ತರಗತಿಯಲ್ಲಿ ಒಂದು ತಿದ್ದುಪಡಿ

ಈ ಪರೀಕ್ಷೆಗೆ ಸಿದ್ಧರಾಗುವವರಿಗಾಗಿ ಶನಿವಾರದ ತರಗತಿಗಳನ್ನು ಆರಂಭಿಸಿದಾಗ ನಾವೂ ಎಲ್ಲರಂತೆ ಗಡಿಯಾರವನ್ನು ಮುಂದಿಟ್ಟುಕೊಂಡೆವು. ಮೊದಲು ಪ್ರಶ್ನೆ ಓದಿ, ಮುಖ್ಯಪದಕ್ಕೆ ಗೆರೆ ಹಾಕಿ, ಆ ಪದ ಪಠ್ಯದಲ್ಲಿ ಎಲ್ಲಿದೆಯೆಂದು ಕಣ್ಣಾಡಿಸಿ ಹುಡುಕಿ, ಉತ್ತರ ಬರೆಯಿರಿ ಎಂದು ಕಲಿಸಿದೆವು. ವಿಜಯಪುರ ಜಿಲ್ಲೆಯಿಂದ ಬಂದ ನರ್ಸಿಂಗ್ ಪದವೀಧರೆಯೊಬ್ಬರು ಈ ವಿಧಾನವನ್ನು ನಮಗಿಂತ ಚೆನ್ನಾಗಿ ಕರಗತ ಮಾಡಿಕೊಂಡರು. ಎರಡು ಬಾರಿ ಪರೀಕ್ಷೆ ಬರೆದರು. ಎರಡು ಬಾರಿಯೂ ಓದಿನಲ್ಲಿ 6ರ ಶ್ರೇಣಿಯೇ ಬಂತು. ಪದವನ್ನು ಹುಡುಕುವುದರಲ್ಲಿ ಅವರು ಎಡವುತ್ತಿರಲಿಲ್ಲ. ಸಿಕ್ಕಿದ ವಾಕ್ಯ ಏನನ್ನು ಹೇಳುತ್ತದೆ, ಎಷ್ಟನ್ನು ಹೇಳುತ್ತದೆ ಎಂಬುದರಲ್ಲಿ ಎಡವುತ್ತಿದ್ದರು. ಪರಭಾಷೆಯಲ್ಲಿ ಓದುವಾಗಿನ ತೊಡಕು ಓದಿನದೋ ಭಾಷೆಯದೋ ಎಂಬ ಪ್ರಶ್ನೆಯನ್ನು ಚಾರ್ಲ್ಸ್ ಆಲ್ಡರ್ಸನ್ 1984ರಲ್ಲಿಯೇ ಎತ್ತಿದ್ದರು. ಭಾಷೆಯ ಹಿಡಿತ ಸಾಲದಿರುವ ಹಂತದಲ್ಲಿ ಅದು ಹೆಚ್ಚಾಗಿ ಭಾಷೆಯ ತೊಡಕೇ ಎಂಬುದು ಅವರ ಚರ್ಚೆಯ ಒಲವು. ನಾವು ಅದನ್ನು ಓದಿದ್ದೆವು, ಪಾಠ ಮಾಡಿದ್ದೆವು; ನಮ್ಮ ತರಗತಿಗೆ ಅನ್ವಯಿಸಿಕೊಂಡಿರಲಿಲ್ಲ.

ದಾರಿ ತೋರಿದ್ದು ಅದೇ ವಿದ್ಯಾರ್ಥಿನಿ. ಒಂದು ಹೇಳಿಕೆಗೆ ಉತ್ತರ 'ಫಾಲ್ಸ್' ಎಂದು ಬೆಂಚಿನ ಗೆಳತಿ ವಾದಿಸುತ್ತಿದ್ದಾಗ ಅವರು ನಮ್ಮ ಕಡೆಗೆ ತಿರುಗಿ, "ಅದು ತಪ್ಪಲ್ರಿ ಮೇಡಂ, ಅದು ಅಲ್ಲಿ ಇಲ್ಲೇ ಇಲ್ರಿ" ಎಂದರು. ಇಂಗ್ಲಿಷಿನಲ್ಲಿ ವಾರಗಟ್ಟಲೆ ವಿವರಿಸಿಯೂ ದಾಟಿಸಲಾಗದ ಭೇದ ಒಂದು ಕನ್ನಡ ವಾಕ್ಯದಲ್ಲಿ ಸ್ಪಷ್ಟವಾಗಿತ್ತು.

3. 'ಅಲ್ಲ', 'ಇಲ್ಲ'

'ಇದು ಪುಸ್ತಕವಲ್ಲ', 'ಇಲ್ಲಿ ಪುಸ್ತಕವಿಲ್ಲ' ಎಂಬ ವಾಕ್ಯಗಳನ್ನು ಹೋಲಿಸೋಣ. ಮೊದಲನೆಯದು ಎದುರಿಗಿರುವ ವಸ್ತುವನ್ನು ಒಪ್ಪಿಕೊಂಡು ಅದರ ಗುರುತನ್ನು ಮಾತ್ರ ನಿರಾಕರಿಸುತ್ತದೆ. ಎರಡನೆಯದು ವಸ್ತುವಿನ ಇರವನ್ನೇ ನಿರಾಕರಿಸುತ್ತದೆ. ತೆಲುಗಿನ 'ಕಾದು', 'ಲೇದು'ಗಳೂ ಮಲಯಾಳದ 'ಅಲ್ಲ', 'ಇಲ್ಲ'ಗಳೂ ಇದೇ ಕೆಲಸವನ್ನು ಹಂಚಿಕೊಂಡಿವೆ. ಆಡುಮಾತಿನ ತಮಿಳಿನಲ್ಲಿ ಎರಡಕ್ಕೂ ಬಹುಮಟ್ಟಿಗೆ ಒಂದೇ ರೂಪ ಉಳಿದಿದೆ. ಇಂಗ್ಲಿಷ್ ಈ ಭೇದಕ್ಕೆ ಬೇರೆ ಬೇರೆ ನಿಷೇಧ ಪದಗಳನ್ನು ಮೀಸಲಿಟ್ಟಿಲ್ಲ.

'ಅಲ್ಲ' ಎಂಬುದಕ್ಕೆ ಇನ್ನೊಂದು ಗುಣವಿದೆ. ಯಾರಾದರೂ 'ಅದು ಹಾಗಲ್ಲ' ಎಂದರೆ ಕೇಳುಗರು 'ಮತ್ತೆ ಹೇಗೆ?' ಎಂದು ಕಾಯುತ್ತಾರೆ. 'ಹಾಗಲ್ಲ' ಎಂದು ಹೇಳಿ ಸುಮ್ಮನಾದವರ ಮಾತು ಅರ್ಧಕ್ಕೆ ನಿಂತಂತೆ ತೋರುತ್ತದೆ. 'ಇಲ್ಲ' ಎಂಬುದಕ್ಕೆ ಈ ನಿರೀಕ್ಷೆಯ ಬಾಲವಿಲ್ಲ. 'ಮನೆಯಲ್ಲಿ ಸಕ್ಕರೆ ಇಲ್ಲ' ಎಂದರೆ ಮಾತು ಮುಗಿಯಿತು.

ಇಲ್ಲಿಂದ ನಾವು ರೂಪಿಸಿಕೊಂಡ ಅಭ್ಯಾಸ ಸರಳವಾದುದು. 'ಫಾಲ್ಸ್' ಎಂದು ಗುರುತಿಸುವ ಮುನ್ನ ವಿದ್ಯಾರ್ಥಿಯು 'ಹಾಗಲ್ಲ, ಹೀಗೆ' ಎಂಬ ವಾಕ್ಯವನ್ನು ಪೂರ್ತಿ ಮಾಡಬೇಕು. 'ಹೀಗೆ' ಎಂಬಲ್ಲಿ ಪಠ್ಯದ ಮಾತನ್ನೇ ಬೆರಳಿಟ್ಟು ತೋರಿಸಬೇಕು. ತೋರಿಸಲಾಗದಿದ್ದರೆ ಉತ್ತರ 'ಇಲ್ಲ', ಅಂದರೆ 'ನಾಟ್ ಗಿವನ್'.

ತರಗತಿಗೆಂದು ನಾವು ಇಂಗ್ಲಿಷಿನಲ್ಲಿ ಬರೆದುಕೊಂಡ ಒಂದು ಸಣ್ಣ ಪಠ್ಯದ ತಾತ್ಪರ್ಯ ಹೀಗಿದೆ: '17ನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮನ್ನಿನಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ನೆಟ್ಟರೆಂದು ಪ್ರತೀತಿ. ದೊಡ್ಡ ತೋಟಗಳು ಆರಂಭವಾದದ್ದು 19ನೆಯ ಶತಮಾನದಲ್ಲಿ. ಇಂದು ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಕರ್ನಾಟಕದಲ್ಲಿ ಬೆಳೆಯುತ್ತದೆ.'

ಮೊದಲ ಹೇಳಿಕೆ: ದೊಡ್ಡ ಕಾಫಿ ತೋಟಗಳು 17ನೆಯ ಶತಮಾನದಲ್ಲಿ ಆರಂಭವಾದವು. 'ಹಾಗಲ್ಲ, 19ನೆಯ ಶತಮಾನದಲ್ಲಿ' ಎಂದು ವಾಕ್ಯ ಪೂರ್ತಿಯಾಗುತ್ತದೆ. ಇದು 'ಫಾಲ್ಸ್'. ಎರಡನೆಯ ಹೇಳಿಕೆ: ಕಾಫಿ ಬೆಳೆಯುವುದರಲ್ಲಿ ಕೇರಳ ದೇಶದಲ್ಲಿ ಎರಡನೆಯ ಸ್ಥಾನದಲ್ಲಿದೆ. ಇದು ಲೋಕದಲ್ಲಿ ನಿಜ. ಕೊಡಗಿನಿಂದ ಬಂದ ವಿದ್ಯಾರ್ಥಿಯೊಬ್ಬರು ಕೂಡಲೇ 'ಟ್ರೂ' ಎಂದು ಬರೆದರು, ಏಕೆಂದರೆ ಅವರಿಗೆ ಗೊತ್ತಿತ್ತು. ಪಠ್ಯದಲ್ಲಿ ಕೇರಳದ ಹೆಸರೇ ಇಲ್ಲ. ಮೂರನೆಯ ಹೇಳಿಕೆ: ಕಾಫಿ ಬೀಜವನ್ನು ಹೊರಗೆ ಒಯ್ಯುವುದನ್ನು ಯೆಮನ್ನಿನಲ್ಲಿ ನಿಷೇಧಿಸಲಾಗಿತ್ತು. ಬಾಬಾ ಬುಡನ್ನರ ಕತೆಯನ್ನು ಶಾಲೆಯಲ್ಲಿ ಕೇಳಿದವರೆಲ್ಲರೂ ಈ ಬಲೆಗೆ ಬಿದ್ದರು. ನಮ್ಮ ಹಳೆಯ ವಿಧಾನ ಇಂತಹವರಿಗೆ ಹೇಳುತ್ತಿದ್ದುದು 'ನಿಮಗೆ ಗೊತ್ತಿರುವುದನ್ನು ಮರೆಯಿರಿ' ಎಂದು. ಗೊತ್ತಿರುವುದನ್ನು ಮರೆಯುವುದು ಯಾರಿಂದಲೂ ಆಗದ ಕೆಲಸ. 'ಅದು ಇಲ್ಲಿ ಇದೆಯೇ, ಇಲ್ಲವೇ?' ಎಂದು ಕೇಳಿಕೊಳ್ಳುವುದು ಆಗುವ ಕೆಲಸ.

ಭಾಷಾಶಾಸ್ತ್ರದ ಓದುಗರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು, ಎತ್ತಬೇಕು. ಕ್ರಿಯಾಪದವಿರುವ ವಾಕ್ಯಗಳ ಸಾಮಾನ್ಯ ನಿಷೇಧಕ್ಕೂ ಕನ್ನಡ ಬಳಸುವುದು 'ಇಲ್ಲ'ವನ್ನೇ: ಬರುವುದಿಲ್ಲ, ಬರಲಿಲ್ಲ, ಬಂದಿಲ್ಲ. ಮೊದಲ ಹೇಳಿಕೆಯನ್ನು 'ತೋಟಗಳು 17ನೆಯ ಶತಮಾನದಲ್ಲಿ ಆರಂಭವಾಗಲಿಲ್ಲ' ಎಂದು ನಿರಾಕರಿಸಿದರೆ ಅಲ್ಲಿಯೂ 'ಇಲ್ಲ' ಬರುತ್ತದೆ, ಮತ್ತು ನಮ್ಮ ಸೂತ್ರ ಕೈಕೊಡುತ್ತದೆ. ಆದ್ದರಿಂದ ಹೇಳಿಕೆಯ ಕ್ರಿಯೆಯನ್ನು ಮೊದಲು ನಾಮವಾಗಿಸಿಕೊಳ್ಳಬೇಕಾಗುತ್ತದೆ: 'ತೋಟಗಳು ಆರಂಭವಾದದ್ದು 17ನೆಯ ಶತಮಾನದಲ್ಲಿ ಅಲ್ಲ.' ಹೀಗೆ ತಿರುಗಿಸಿದೊಡನೆ ನಿಷೇಧವು ಇಡೀ ಘಟನೆಯ ಮೇಲಿಂದ ಸರಿದು ಒಂದು ಅಂಗದ ಮೇಲೆ, ಇಲ್ಲಿ ಕಾಲದ ಮೇಲೆ, ಕೂರುತ್ತದೆ. ಹೇಳಿಕೆಯ ಯಾವ ಅಂಗವನ್ನು ಪಠ್ಯದೊಂದಿಗೆ ಹೋಲಿಸಬೇಕೆಂಬುದನ್ನು ಈ 'ಆದದ್ದು' ರೂಪವೇ ತೋರಿಸಿಕೊಡುತ್ತದೆ. ಹೇಳಿಕೆಗಳನ್ನು ಬರೆಯುವವರು ಬದಲಿಸುವುದೂ ಸಾಮಾನ್ಯವಾಗಿ ಒಂದೇ ಅಂಗವನ್ನು: ಕಾಲ, ಪ್ರಮಾಣ, ಕಾರಣ, ಕರ್ತೃ.

ಇನ್ನೊಂದು ತೊಡಕು ಪಠ್ಯವೇ ನಿಷೇಧವನ್ನಾಡಿದಾಗ ಎದುರಾಗುತ್ತದೆ. 'ಆ ಬೆಟ್ಟದಲ್ಲಿ ಹಳೆಯ ಗಿಡಗಳು ಉಳಿದಿಲ್ಲ' ಎಂದು ಪಠ್ಯ ಹೇಳಿದ್ದರೆ, 'ಹಳೆಯ ಗಿಡಗಳು ಉಳಿದಿವೆ' ಎಂಬ ಹೇಳಿಕೆ 'ಫಾಲ್ಸ್'. ಕೆಲವರು ಪಠ್ಯದ 'ಇಲ್ಲ'ವನ್ನು ಕಂಡು 'ನಾಟ್ ಗಿವನ್' ಎಂದು ಬರೆದರು. ಗಿಡದ ಇರವು ಬೇರೆ, ಮಾಹಿತಿಯ ಇರವು ಬೇರೆ. 'ಇಲ್ಲ ಎಂದಿದೆ', 'ಇದೆ ಎಂದಿಲ್ಲ' ಎಂಬ ಜೋಡಿಯನ್ನು ಕಪ್ಪುಹಲಗೆಯ ಮೂಲೆಯಲ್ಲಿ ಒಂದು ತಿಂಗಳು ಅಳಿಸದೆ ಬಿಟ್ಟೆವು.

4. 'ಅಂತೆ'ಯ ಸ್ಥಾನ

ಮೇಲಿನ ಪಠ್ಯದಲ್ಲಿ 'ಪ್ರತೀತಿ' ಎಂಬ ಮಾತಿದೆ. ಇಂಗ್ಲಿಷ್ ಮೂಲದಲ್ಲಿ ನಾವು ಬಳಸಿದ್ದು 'ಇಸ್ ಸೆಡ್ ಟು ಹ್ಯಾವ್ ಬ್ರಾಟ್' ಎಂಬ ರಚನೆ. 'ಬಾಬಾ ಬುಡನ್ ಏಳು ಬೀಜಗಳನ್ನು ತಂದರು' ಎಂಬ ಹೇಳಿಕೆಗೆ ಇದರ ಆಧಾರದಲ್ಲಿ 'ಟ್ರೂ' ಎನ್ನಲಾಗದು. ಪಠ್ಯ ಹೇಳಿರುವುದು ಹಾಗೊಂದು ಮಾತಿದೆ ಎಂದಷ್ಟೇ. ಕನ್ನಡಿಗರಿಗೆ ಈ ಭೇದ ಹೊಸದಲ್ಲ. 'ಮಳೆ ಬಂತು', 'ಮಳೆ ಬಂತಂತೆ' ಎಂಬೆರಡನ್ನು ಮೂರು ವರ್ಷದ ಮಗುವೂ ಬೇರೆಬೇರೆಯಾಗಿ ಬಳಸುವುದನ್ನು ನಾವು ಮನೆಯಲ್ಲೇ ಕೇಳಿದ್ದೇವೆ. ಆದರೆ ಕನ್ನಡದಲ್ಲಿ 'ಅಂತೆ' ಬರುವುದು ವಾಕ್ಯದ ಕೊನೆಯಲ್ಲಿ, ಒತ್ತು ಬೀಳುವ ಜಾಗದಲ್ಲಿ. ಇಂಗ್ಲಿಷಿನಲ್ಲಿ ಅದು ಕರ್ತೃವಿಗೂ ಮುಖ್ಯ ಕ್ರಿಯೆಗೂ ನಡುವೆ ಸಿಕ್ಕಿಕೊಂಡಿರುತ್ತದೆ, ಅವಸರದ ಕಣ್ಣು ಅದನ್ನು ಹಾರಿ ದಾಟುತ್ತದೆ. ಪಠ್ಯದ ಪ್ರತಿ ವಾಕ್ಯವನ್ನೂ 'ಬಂತೇ, ಬಂತಂತೆಯೇ, ಬಂದೀತೇ?' ಎಂದು ವಿಂಗಡಿಸುವ ಅಭ್ಯಾಸದಿಂದ ಇದು ಬೇಗ ಸರಿಹೋಯಿತು. 'ಮೇ', 'ಟೆಂಡ್ ಟು', 'ಅಪಿಯರ್ಸ್ ಟು' ಮುಂತಾದವು ಮೂರನೆಯ ಗುಂಪಿಗೆ ಸೇರುತ್ತವೆ.

ಪರಿಮಾಣವಾಚಕಗಳ ಪ್ರಶ್ನೆ ಇಷ್ಟು ಸುಲಭದ್ದಲ್ಲ. 'ನಾನು ಎರಡು ಪುಸ್ತಕ ಓದಲಿಲ್ಲ' ಎಂಬ ವಾಕ್ಯಕ್ಕೆ ಎರಡು ಅರ್ಥ: ಓದದೆ ಉಳಿದ ಪುಸ್ತಕಗಳು ಎರಡು, ಅಥವಾ ನಾನು ಓದಿದ ಪುಸ್ತಕಗಳು ಎರಡಾಗಲಿಲ್ಲ. ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ 2002ರ ಅಧ್ಯಯನದಲ್ಲಿ ಇಂತಹ ವಾಕ್ಯಗಳನ್ನು ಕನ್ನಡ ಮತ್ತು ಇಂಗ್ಲಿಷ್ ಮಕ್ಕಳ ಮುಂದಿಟ್ಟರು. ವಯಸ್ಕರಿಗೆ ದೊರೆಯುವ ಎರಡು ಅರ್ಥಗಳಲ್ಲಿ ಎರಡೂ ಭಾಷೆಯ ಮಕ್ಕಳು ಎರಡನೆಯದನ್ನೇ ಹೆಚ್ಚಾಗಿ ಆಯ್ದರು. ಹೀಗಿರುವಾಗ 'ನಾಟ್ ಆಲ್' ಎಂಬುದನ್ನು 'ಎಲ್ಲವೂ ಅಲ್ಲ' ಎಂದು ಅನುವಾದಿಸಿಕೊಳ್ಳಿ ಎಂದಷ್ಟೇ ಹೇಳಿದರೆ ಸಾಲದು. 'ಕೆಲವಾದರೂ ಬಿಟ್ಟಿವೆ' ಎಂದು ಬಿಡಿಸಿ ಹೇಳಿಸಬೇಕು. 'ಕೆಲವರು' ಎಂದೊಡನೆ 'ಎಲ್ಲರೂ ಅಲ್ಲ' ಎಂದು ಗ್ರಹಿಸುವುದು ದಿನದ ಮಾತಿನಲ್ಲಿ ಸಹಜ; ಪಾಲ್ ಗ್ರೈಸ್ 1975ರಲ್ಲಿ ಪ್ರಕಟಿಸಿದ ಪ್ರಬಂಧದ ಹಾದಿಯಲ್ಲಿ ಅದನ್ನು ಧ್ವನಿತಾರ್ಥವೆಂದು ವಿವರಿಸುತ್ತೇವೆ. ಈ ಧ್ವನಿತಾರ್ಥದ ಮೇಲೆಯೇ ನಿಂತ ಪ್ರಶ್ನೆಯನ್ನು ಎಚ್ಚರದ ಪ್ರಶ್ನಕಾರರು ಬರೆಯಲಾರರು. ಬೀದಿಬದಿಯ ಜೆರಾಕ್ಸ್ ಅಂಗಡಿಗಳಲ್ಲಿ ಸಿಗುವ ಅನಾಮಧೇಯ ಅಭ್ಯಾಸ ಹಾಳೆಗಳಲ್ಲಿ ಮಾತ್ರ ಅವು ಧಾರಾಳವಾಗಿವೆ. ಅವುಗಳ ಕೀಲಿ ಉತ್ತರಗಳನ್ನು ನಂಬಿ ತಮ್ಮ ಸರಿಯಾದ ತರ್ಕವನ್ನೇ ಕೈಬಿಟ್ಟ ವಿದ್ಯಾರ್ಥಿಗಳನ್ನು ನಾವು ಕಂಡಿದ್ದೇವೆ.

5. ಕನ್ನಡಿಯಲ್ಲಿನ ವಾಕ್ಯ

'ಯಾತ್ರೆಯಿಂದ ಮರಳುತ್ತಿದ್ದ ಸಂತರು ತಂದ ಬೀಜಗಳು ಬೆಟ್ಟದಲ್ಲಿ ಬೇರೂರಿದವು.' ಕನ್ನಡದಲ್ಲಿ ವಿಶೇಷಣಗಳೆಲ್ಲ ನಾಮಪದದ ಎಡಕ್ಕೆ. ಇಂಗ್ಲಿಷಿನಲ್ಲಿ ಇದೇ ವಾಕ್ಯ 'ದ ಸೀಡ್ಸ್ ಬ್ರಾಟ್ ಬೈ ದ ಸೇಂಟ್ ರಿಟರ್ನಿಂಗ್ ಫ್ರಮ್ ಪಿಲ್ಗ್ರಿಮೇಜ್' ಎಂದು ಬಲಕ್ಕೆ ಬೆಳೆಯುತ್ತದೆ. 'ಬ್ರಾಟ್' ಎಂಬಲ್ಲಿಯೇ ಮುಖ್ಯ ಕ್ರಿಯೆ ಬಂತೆಂದು ಭಾವಿಸಿದ ಓದುಗರಿಗೆ ಬೀಜಗಳೇ ಏನನ್ನೋ ತಂದಂತೆ ತೋರುತ್ತದೆ. ನಿಜವಾದ ಕ್ರಿಯಾಪದ ಬರುವ ಹೊತ್ತಿಗೆ ದಾರಿ ತಪ್ಪಿರುತ್ತದೆ. ಇಂತಹ ವಾಕ್ಯಗಳನ್ನು 'ತಂದ', 'ಮರಳುತ್ತಿದ್ದ' ಎಂಬ ಕೃದಂತಗಳ ಮೂಲಕ ಕನ್ನಡಕ್ಕೆ ತಿರುಗಿಸುವುದು ಅನುವಾದದ ಪಾಠವಲ್ಲ, ಯಾವುದು ಯಾವುದನ್ನು ವಿಶೇಷಿಸುತ್ತಿದೆ ಎಂಬುದರ ತಪಾಸಣೆ. ದಿನಕ್ಕೆ ಐದು ವಾಕ್ಯ ಸಾಕು.

ಇಂಗ್ಲಿಷ್ ಪರೀಕ್ಷೆಯ ಸಿದ್ಧತೆಯಲ್ಲಿ ಕನ್ನಡವನ್ನು ತರಗತಿಯ ಹೊರಗಿಡಬೇಕೆಂಬ ಸಹೋದ್ಯೋಗಿಗಳು ಈ ಪದ್ಧತಿಯನ್ನು ಒಪ್ಪಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಪ್ರತಿ ವಾಕ್ಯವನ್ನೂ ಕನ್ನಡಕ್ಕೆ ತಿರುಗಿಸುತ್ತ ಕುಳಿತರೆ ವೇಳೆ ಸಾಲದು ಎಂಬ ಅವರ ಮಾತು ನ್ಯಾಯವಾದುದು. ಅದಕ್ಕೆಂದೇ ನಾವು ಮೊದಲ ಐದು ವಾರ ಗಡಿಯಾರವನ್ನು ತೆಗೆದಿಟ್ಟು, ಆರನೆಯ ವಾರದಲ್ಲಿ ಒಂದು ಪಠ್ಯಕ್ಕೆ 30 ನಿಮಿಷ, ಎಂಟನೆಯ ವಾರದಲ್ಲಿ 20 ನಿಮಿಷ ಎಂದು ನಿಗದಿಪಡಿಸುತ್ತೇವೆ. ಆ ಹೊತ್ತಿಗೆ 'ಹಾಗಲ್ಲ, ಹೀಗೆ' ಎಂಬುದನ್ನು ಹೆಚ್ಚಿನವರು ಬಾಯಿಬಿಟ್ಟು ಹೇಳುವುದಿಲ್ಲ. ಪಠ್ಯದ ಮೇಲೆ ಬೆರಳನ್ನು ಮಾತ್ರ ಇಡುತ್ತಾರೆ.

ಪ್ಯಾರಾಗಳಿಗೆ ಶೀರ್ಷಿಕೆ ಹೊಂದಿಸುವ ಪ್ರಶ್ನೆಗಳಿಗೆ ಇದಾವುದೂ ನೆರವಾಗಿಲ್ಲ. ಅಲ್ಲಿ ಬೇಕಾದುದು ವಾಕ್ಯದ ಹಿಡಿತಕ್ಕಿಂತ ಪ್ಯಾರಾದ ಒಟ್ಟು ಆಶಯದ ಹಿಡಿತ, ಮತ್ತು ಅದಕ್ಕೆ ನಾವು ಇನ್ನೂ ಹಳೆಯ ವಿಧಾನವನ್ನೇ ಬಳಸುತ್ತಿದ್ದೇವೆ. ವಿಜಯಪುರದ ಆ ವಿದ್ಯಾರ್ಥಿನಿ ಮೂರನೆಯ ಬಾರಿಗೆ ಪರೀಕ್ಷೆ ಬರೆದು ಓದಿನಲ್ಲಿ 7 ಪಡೆದರು. ಶೀರ್ಷಿಕೆಯ ಪ್ರಶ್ನೆಗಳಿಗೆ ಕೊನೆಯಲ್ಲಿ ಕಣ್ಣುಮುಚ್ಚಿ ಉತ್ತರ ಬರೆದುದಾಗಿ ಆಮೇಲೆ ಫೋನಿನಲ್ಲಿ ಹೇಳಿದರು.